ಇನ್ನೂ ಬಾರದ ರೋಗಕ್ಕೆ ಶಸ್ತ್ರಚಿಕಿತ್ಸೆ: ವಂಶದ ಕ್ಯಾನ್ಸರ್ ಮತ್ತು ಮನೆಯ ನಿರ್ಧಾರ

ನೋವಿಲ್ಲದ, ಗೆಡ್ಡೆಯಿಲ್ಲದ, ಯಾವ ತೊಂದರೆಯನ್ನೂ ಕೊಡದ ಅಂಗವೊಂದನ್ನು ಆರೋಗ್ಯವಂತಳಾದ ಹೆಣ್ಣುಮಗಳು ಶಸ್ತ್ರಚಿಕಿತ್ಸೆಯಿಂದ ತೆಗೆಸಿಕೊಳ್ಳುವುದುಂಟೇ? ಕೆಲವು ವರ್ಷಗಳ ಹಿಂದೆ ಈ ಪ್ರಶ್ನೆಯನ್ನು ಎತ್ತಿದ್ದರೆ ನಮ್ಮ ಮನೆಗಳ ಹಿರಿಯರು 'ಬಿಡ್ತು ಅನ್ನು' ಎಂದು ಬಾಯಿ ಮುಚ್ಚಿಸುತ್ತಿದ್ದರು. ಇಂದು ಈ ಪ್ರಶ್ನೆ ಕ್ಯಾನ್ಸರ್ ವೈದ್ಯರ ಕೋಣೆಯಲ್ಲೇ ಎದುರಾಗುತ್ತದೆ. ತಾಯಿಯ ಚಿಕಿತ್ಸೆಗೆಂದು ಜೊತೆಯಲ್ಲಿ ಹೋದ ಮಗಳನ್ನು ನೋಡಿ, 'ಈ ಕಾಯಿಲೆ ವಂಶದಲ್ಲಿ ಬಂದದ್ದಿರಬಹುದು, ನೀವೂ ಪರೀಕ್ಷೆಯ ಬಗ್ಗೆ ಯೋಚಿಸಿ' ಎಂದು ವೈದ್ಯರು ಹೇಳುತ್ತಾರೆ.

ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ಕನ್ನಡ ಮನೆಗಳಿಗೆ ಇಲ್ಲಿ ಇನ್ನೊಂದು ತೊಡಕಿದೆ. ವೈದ್ಯರು ಹೇಳುವುದು ತಮಿಳಿನಲ್ಲಿ. ವರದಿ ಬರುವುದು ಇಂಗ್ಲಿಷಿನಲ್ಲಿ. ಅದನ್ನು ಕುರಿತು ಕುಳಿತು ಮಾತಾಡಿ ತೀರ್ಮಾನಿಸಬೇಕಾದದ್ದು ಮನೆಯಲ್ಲಿ, ಕನ್ನಡದಲ್ಲಿ. ಆಸ್ಪತ್ರೆಯಲ್ಲಿ 'ಮರಬಣು' ಎಂದು ಕೇಳಿ ಬಂದ ಮಾತು ನಮ್ಮ ಮಕ್ಕಳ ವಿಜ್ಞಾನ ಪುಸ್ತಕದಲ್ಲಿ 'ಜೀನ್' ಅಥವಾ 'ವಂಶವಾಹಿ' ಎಂದಿರುವುದೇ ಆಗಿದೆ ಎಂಬುದನ್ನು ಅರಿಯುವಷ್ಟರಲ್ಲಿ ಅರ್ಧ ವಿಷಯ ಕೈತಪ್ಪಿರುತ್ತದೆ. ಅರೆ ತಿಳಿವಳಿಕೆಯಿಂದ ಕೈಗೊಂಡ ನಿರ್ಧಾರವಾಗಲಿ, ಭಯದಿಂದ ಮುಂದೂಡಿದ ನಿರ್ಧಾರವಾಗಲಿ ಎರಡೂ ಅಪಾಯಕಾರಿ. ಆದುದರಿಂದ ಈ ವಿಷಯವನ್ನು ನಮ್ಮ ಭಾಷೆಯಲ್ಲಿ ಒಮ್ಮೆ ಕ್ರಮವಾಗಿ ತಿಳಿದುಕೊಳ್ಳುವುದು ಒಳಿತು.

ವಂಶದಿಂದ ಬರುವುದೆಂದರೆ ಏನು?

ಮೊದಲಿಗೆ ಸಮಾಧಾನದ ಮಾತು. ಕ್ಯಾನ್ಸರ್ ಬಂದವರಲ್ಲಿ ಬಹುಪಾಲು ಮಂದಿಗೆ ಅದು ವಂಶದಿಂದ ಬಂದದ್ದಲ್ಲ. ನೂರು ಕ್ಯಾನ್ಸರ್‌ಗಳಲ್ಲಿ ಐದರಿಂದ ಹತ್ತು ಮಾತ್ರ ಹುಟ್ಟಿನಿಂದಲೇ ಪಡೆದ ಜೀನ್ ದೋಷದಿಂದ ಉಂಟಾಗುತ್ತವೆ. ಮನೆಯಲ್ಲಿ ಒಬ್ಬರಿಗೆ, ಅದೂ ಅರವತ್ತು ದಾಟಿದ ಮೇಲೆ ಸ್ತನ ಕ್ಯಾನ್ಸರ್ ಬಂದಿತೆಂಬ ಮಾತ್ರಕ್ಕೆ ಉಳಿದವರು ಹೆದರಬೇಕಾಗಿಲ್ಲ.

ಆ ಐದು-ಹತ್ತರಲ್ಲಿ ಹೆಚ್ಚು ಪರಿಚಿತವಾದವು ಬಿ.ಆರ್.ಸಿ.ಎ.-1 ಮತ್ತು ಬಿ.ಆರ್.ಸಿ.ಎ.-2 ಎಂಬ ಎರಡು ಜೀನ್‌ಗಳ ದೋಷಗಳು. ಮೊದಲನೆಯದು ನಮ್ಮ 17ನೆಯ ವರ್ಣತಂತುವಿನಲ್ಲಿ, ಎರಡನೆಯದು 13ನೆಯದರಲ್ಲಿ ಇದೆ. ಈ ಜೀನ್‌ಗಳು ಎಲ್ಲರಲ್ಲಿಯೂ ಇವೆ, ಜೀವಕೋಶದೊಳಗೆ ಡಿ.ಎನ್.ಎ. ಎಳೆ ತುಂಡಾದಾಗ ಅದನ್ನು ಸರಿಪಡಿಸುವುದು ಅವುಗಳ ಕೆಲಸ. ಮಗ್ಗದಲ್ಲಿ ಹಾಸಿನ ನೂಲು ಹರಿದಾಗ ಕಂಡುಹಿಡಿದು ಗಂಟು ಹಾಕುವ ಕೈಯಿದ್ದಂತೆ. ಆ ಕೈ ಸೋತರೆ ಒಂದೆರಡು ಎಳೆ ಹರಿದಾಗ ಏನೂ ತೋರದು. ವರ್ಷಗಳು ಕಳೆದಂತೆ ದೋಷ ಕೂಡುತ್ತಾ ಹೋಗಿ ಕ್ಯಾನ್ಸರ್‌ಗೆ ಎಡೆಯಾಗುತ್ತದೆ.

ಹತ್ತನೆಯ ತರಗತಿಯ ಮಕ್ಕಳು ಮೆಂಡಲನ ಬಟಾಣಿ ಗಿಡಗಳ ಪಾಠದಲ್ಲಿ ಓದುವ ಪ್ರಬಲ ಗುಣದ ನಿಯಮವೇ ಇಲ್ಲಿಯೂ ನಡೆಯುತ್ತದೆ. ತಂದೆ ಅಥವಾ ತಾಯಿ, ಇಬ್ಬರಲ್ಲಿ ಒಬ್ಬರಿಗೆ ಈ ದೋಷವಿದ್ದರೆ ಪ್ರತಿಯೊಂದು ಮಗುವಿಗೂ ಅದು ಬರುವ ಸಾಧ್ಯತೆ ಅರ್ಧಕ್ಕರ್ಧ. ಗಂಡು ಮಗುವಿಗೂ ಅಷ್ಟೇ. ಇಲ್ಲಿಯೇ ನಮ್ಮ ಮನೆಗಳಲ್ಲಿ ಹೆಚ್ಚಿನ ತಪ್ಪು ತಿಳಿವಳಿಕೆ ಇರುವುದು. 'ಇದು ಹೆಂಗಸರ ಕಾಯಿಲೆ, ತಾಯಿಯ ಕಡೆಯಿಂದ ಮಾತ್ರ ಬರುತ್ತದೆ' ಎಂಬುದು ಸರಿಯಲ್ಲ. ಸೋದರತ್ತೆಗೆ ಬಂದ ಕಾಯಿಲೆಯ ದೋಷ, ಅವಳ ಅಣ್ಣನಾದ ತಂದೆಯ ಮೂಲಕ ಸದ್ದಿಲ್ಲದೆ ಮಗಳಿಗೆ ಇಳಿದಿರಬಹುದು. ನಡುವೆ ಗಂಡಸರೇ ಇದ್ದ ತಲೆಮಾರಿನಲ್ಲಿ ಕಾಯಿಲೆ ಕಾಣದಿದ್ದರೆ ಅದು ಹೋಯಿತೆಂದೇನೂ ಅಲ್ಲ. ಗಂಡಸರೂ ಪೂರ್ತಿ ಪಾರಾದವರಲ್ಲ, ಬಿ.ಆರ್.ಸಿ.ಎ.-2 ದೋಷವಿರುವ ಗಂಡಸರಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಹಾಗೂ ಅಪರೂಪವಾಗಿ ಸ್ತನ ಕ್ಯಾನ್ಸರ್ ಬರುವ ಸಂಭವ ಹೆಚ್ಚು.

ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವ ರೂಢಿ ನಮ್ಮಲ್ಲಿದೆ. ಇದರಿಂದ ಅಜ್ಜಿಯೇ ಅತ್ತೆಯೂ ಆಗಿ, ತಂದೆಯ ಕಡೆ ತಾಯಿಯ ಕಡೆ ಎಂಬ ಎರಡು ಕವಲು ಒಂದರೊಳಗೊಂದು ಹೆಣೆದುಕೊಂಡಿರುತ್ತವೆ. ವಂಶವೃಕ್ಷವನ್ನು ಬರೆಯುವಾಗ ಈ ಸಂಬಂಧಗಳನ್ನು ವೈದ್ಯರಿಗೆ ಬಿಡಿಸಿ ಹೇಳದಿದ್ದರೆ ಲೆಕ್ಕ ತಪ್ಪುತ್ತದೆ.

ಸಂಖ್ಯೆಗಳು ಹೇಳುವುದೇನು?

1990ರಲ್ಲಿ ಅಮೆರಿಕದ ವಿಜ್ಞಾನಿ ಮೇರಿ-ಕ್ಲೇರ್ ಕಿಂಗ್ ಅವರು 23 ಕುಟುಂಬಗಳ ವಂಶವೃಕ್ಷಗಳನ್ನು ಪರಿಶೀಲಿಸಿ, ಚಿಕ್ಕ ವಯಸ್ಸಿನಲ್ಲಿ ಬರುವ ಸ್ತನ ಕ್ಯಾನ್ಸರ್‌ಗೆ ಕಾರಣವಾದ ಜೀನ್ 17ನೆಯ ವರ್ಣತಂತುವಿನಲ್ಲಿದೆ ಎಂದು ತೋರಿಸಿದರು. ಅಲ್ಲಿಯವರೆಗೆ ಸ್ತನ ಕ್ಯಾನ್ಸರ್‌ನಂಥ ಸಾಮಾನ್ಯ ಕಾಯಿಲೆ ಒಂದೇ ಜೀನಿನಿಂದ ವಂಶದಲ್ಲಿ ಇಳಿದೀತೆಂದು ನಂಬಿದವರು ಕಡಿಮೆ. 1994ರಲ್ಲಿ ಬಿ.ಆರ್.ಸಿ.ಎ.-1, 1995ರಲ್ಲಿ ಬಿ.ಆರ್.ಸಿ.ಎ.-2 ಪತ್ತೆಯಾದವು.

ಇದು ಪರದೇಶದ ಸಂಗತಿ ಮಾತ್ರವಲ್ಲ. ಚೆನ್ನೈನ ಅಡಯಾರ್ ಕ್ಯಾನ್ಸರ್ ಸಂಸ್ಥೆಯ ಸಂಶೋಧಕರು ದಕ್ಷಿಣ ಭಾರತದ ಕುಟುಂಬಗಳಲ್ಲಿ ಈ ದೋಷಗಳನ್ನು ಹುಡುಕಿ 2003ರಲ್ಲಿಯೇ ವರದಿ ಮಾಡಿದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯ ಸಂಶೋಧಕರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಯೂರೋಪಿನ ಯಹೂದಿ ಮನೆತನಗಳಲ್ಲಿ ಹೆಚ್ಚಾಗಿ ಕಾಣುವ ಬಿ.ಆರ್.ಸಿ.ಎ.-1ರ ಒಂದು ನಿರ್ದಿಷ್ಟ ದೋಷ ದಕ್ಷಿಣ ಭಾರತದ ರೋಗಿಗಳಲ್ಲಿಯೂ ಹೆಚ್ಚಾಗಿ ಕಂಡುಬಂದಿತು. ಹಿಂದೆ ಎಲ್ಲಿಯೂ ದಾಖಲಾಗದಿದ್ದ ನಾಲ್ಕು ದೋಷಗಳೂ ಅದರಲ್ಲಿ ಪತ್ತೆಯಾದವು.

ಅಪಾಯ ಎಷ್ಟು? ಸುಮಾರು 10,000 ಮಂದಿ ಮಹಿಳೆಯರನ್ನು ವರ್ಷಗಟ್ಟಲೆ ಗಮನಿಸಿ 2017ರಲ್ಲಿ ಹೊರತಂದ ಅಂತಾರಾಷ್ಟ್ರೀಯ ಅಧ್ಯಯನದ ಪ್ರಕಾರ, ಬಿ.ಆರ್.ಸಿ.ಎ.-1 ದೋಷವಿರುವ ನೂರು ಮಂದಿಯಲ್ಲಿ 80ನೆಯ ವಯಸ್ಸಿನೊಳಗೆ ಸುಮಾರು 72 ಮಂದಿಗೆ ಸ್ತನ ಕ್ಯಾನ್ಸರ್, 44 ಮಂದಿಗೆ ಅಂಡಾಶಯದ ಕ್ಯಾನ್ಸರ್ ಬರುತ್ತದೆ. ಬಿ.ಆರ್.ಸಿ.ಎ.-2ರಲ್ಲಿ ಈ ಸಂಖ್ಯೆಗಳು ಕ್ರಮವಾಗಿ 69 ಮತ್ತು 17. ಇವು ಹೆಚ್ಚಾಗಿ ಪಾಶ್ಚಾತ್ಯ ದೇಶಗಳ ಮಹಿಳೆಯರ ಲೆಕ್ಕ ಎಂಬುದನ್ನು ನೆನಪಿಡಬೇಕು. ಈ ದೋಷವಿಲ್ಲದ ಸಾಮಾನ್ಯ ಭಾರತೀಯ ಮಹಿಳೆಗೆ ಜೀವಮಾನದಲ್ಲಿ ಸ್ತನ ಕ್ಯಾನ್ಸರ್ ಬರುವ ಸಂಭವ ನೂರಕ್ಕೆ ಮೂರು-ನಾಲ್ಕು. ಎರಡಕ್ಕೂ ಇರುವ ಅಂತರವೇ ಶಸ್ತ್ರಚಿಕಿತ್ಸೆಯ ಮಾತು ಬರಲು ಕಾರಣ. ಆದರೂ ಒಂದು ಮಾತು: ಜೀನ್ ದೋಷ ರೋಗವಲ್ಲ, ರೋಗದ ಸಂಭವ ಮಾತ್ರ. ನೂರರಲ್ಲಿ 72 ಎಂದಾಗ ಬಾರದೆ ಉಳಿದ 28 ಮಂದಿಯೂ ಇದ್ದಾರೆ. ಯಾರಿಗೆ ಬರುತ್ತದೆ, ಯಾರಿಗೆ ಬಾರದು ಎಂದು ಮುಂಚಿತವಾಗಿ ಹೇಳಲು ಆಗದಿರುವುದರಿಂದಲೇ ಈ ನಿರ್ಧಾರ ಕಷ್ಟ.

ಪರೀಕ್ಷೆ ಯಾರಿಗೆ?

ಐವತ್ತು ವರ್ಷಕ್ಕೆ ಮೊದಲೇ ಸ್ತನ ಕ್ಯಾನ್ಸರ್ ಬಂದವರು, ಎರಡೂ ಸ್ತನಗಳಲ್ಲಿ ಬಂದವರು, 'ಟ್ರಿಪಲ್ ನೆಗೆಟಿವ್' ಎಂದು ವರದಿಯಲ್ಲಿ ಬರೆದಿರುವವರು, ಯಾವ ವಯಸ್ಸಿನಲ್ಲಾದರೂ ಅಂಡಾಶಯದ ಕ್ಯಾನ್ಸರ್ ಬಂದವರು, ಸ್ತನ ಕ್ಯಾನ್ಸರ್ ಬಂದ ಗಂಡಸರು, ಒಂದೇ ಕವಲಿನಲ್ಲಿ ಎರಡು-ಮೂರು ಮಂದಿಗೆ ಈ ಕಾಯಿಲೆಗಳು ಬಂದ ಮನೆಯವರು ವೈದ್ಯರೊಡನೆ ಪರೀಕ್ಷೆಯ ವಿಚಾರವನ್ನು ಮಾತಾಡಬೇಕು.

ಪರೀಕ್ಷೆಗೆ ಬೇಕಾದದ್ದು ಸ್ವಲ್ಪ ರಕ್ತ ಅಥವಾ ಎಂಜಲು. ಆದರೆ ಯಾರಿಂದ ಆರಂಭಿಸಬೇಕೆಂಬುದು ಮುಖ್ಯ. ಕಾಯಿಲೆ ಬಂದವರು ಬದುಕಿದ್ದರೆ ಮೊದಲು ಅವರಿಗೇ ಪರೀಕ್ಷೆಯಾಗಬೇಕು. ಅವರಲ್ಲಿ ದೋಷ ಎಲ್ಲಿದೆಯೆಂದು ಗೊತ್ತಾದರೆ ಮಗಳು, ತಂಗಿ, ಅಣ್ಣತಮ್ಮಂದಿರಲ್ಲಿ ಅದೊಂದು ತಾಣವನ್ನು ಮಾತ್ರ ನೋಡಿದರೆ ಸಾಕು. ಖರ್ಚೂ ಕಡಿಮೆ, ಉತ್ತರವೂ ಖಚಿತ. ತಾಯಿಯ ಪರೀಕ್ಷೆ ಆಗದೆ ಮಗಳಿಗೆ ಮಾತ್ರ ಮಾಡಿಸಿ 'ಏನೂ ಇಲ್ಲ' ಎಂದು ಬಂದರೆ, ಅದರಿಂದ ನೆಮ್ಮದಿ ಪೂರ್ತಿ ಸಿಗುವುದಿಲ್ಲ.

ವರದಿಯಲ್ಲಿ ಮೂರು ಬಗೆಯ ಉತ್ತರ ಬರಬಹುದು. ಒಂದು, ರೋಗಕಾರಕ ದೋಷವಿದೆ. ಎರಡು, ಇಲ್ಲ. ಮೂರನೆಯದು, ಬದಲಾವಣೆಯೊಂದು ಕಂಡಿದೆ, ಆದರೆ ಅದರ ಅರ್ಥ ಇನ್ನೂ ತಿಳಿಯದು. ವರದಿಯಲ್ಲಿ ಇದನ್ನು 'ವಿ.ಯು.ಎಸ್.' ಎಂದು ಬರೆದಿರುತ್ತಾರೆ. ಈ ಮೂರನೆಯ ಉತ್ತರವನ್ನು ನೋಡಿ ಯಾರೂ ಶಸ್ತ್ರಚಿಕಿತ್ಸೆಗೆ ಒಪ್ಪಬಾರದು. ಇಂಥ ಬದಲಾವಣೆಗಳಲ್ಲಿ ಹೆಚ್ಚಿನವು ಮುಂದೆ ನಿರಪಾಯವೆಂದೇ ತಿಳಿದುಬರುತ್ತವೆ.

ಶಾಲೆಗೆ ಹೋಗುವ ಮಕ್ಕಳ ತಾಯ್ತಂದೆಯರಿಗೆ ಒಂದು ಸೂಚನೆ. ಬಿ.ಆರ್.ಸಿ.ಎ. ಪರೀಕ್ಷೆಯನ್ನು 18 ವರ್ಷ ತುಂಬದ ಮಕ್ಕಳಿಗೆ ಮಾಡಿಸುವುದಿಲ್ಲ. ಆ ವಯಸ್ಸಿನಲ್ಲಿ ಅದರಿಂದ ಮಾಡಬೇಕಾದ ಚಿಕಿತ್ಸೆ ಏನೂ ಇಲ್ಲ. ತಿಳಿಯುವುದೋ ಬೇಡವೋ ಎಂಬುದನ್ನು ದೊಡ್ಡವರಾದ ಮೇಲೆ ಅವರೇ ತೀರ್ಮಾನಿಸಬೇಕು.

ಎರಡು ಶಸ್ತ್ರಚಿಕಿತ್ಸೆ, ಎರಡು ಬಗೆಯ ನಿರ್ಧಾರ

ದೋಷವಿದೆ ಎಂದು ಖಚಿತವಾದ ಮೇಲೆ ಸ್ತನ ಮತ್ತು ಅಂಡಾಶಯ ಎರಡರ ಮಾತೂ ಒಟ್ಟಿಗೇ ಬರುತ್ತದೆ. ಮನೆಮಂದಿ ಇವೆರಡನ್ನೂ ಒಂದೇ ಎಂದು ಭಾವಿಸಿ, ಒಂದೋ ಎರಡಕ್ಕೂ ಹೂಂ ಎನ್ನುತ್ತಾರೆ, ಇಲ್ಲವೆ ಎರಡಕ್ಕೂ ಬೆನ್ನು ತಿರುಗಿಸುತ್ತಾರೆ. ವಾಸ್ತವದಲ್ಲಿ ಇವು ಬೇರೆ ಬೇರೆ ನಿರ್ಧಾರಗಳು.

ಸ್ತನದ ವಿಷಯದಲ್ಲಿ ಎರಡು ಗೌರವಾರ್ಹ ದಾರಿಗಳಿವೆ. ಒಂದು, ಎರಡೂ ಸ್ತನಗಳ ಅಂಗಾಂಶವನ್ನು ತೆಗೆಸುವುದು. ಇದರಿಂದ ಸ್ತನ ಕ್ಯಾನ್ಸರ್‌ನ ಸಂಭವ ನೂರಕ್ಕೆ 90ರಷ್ಟು ಅಥವಾ ಅದಕ್ಕಿಂತ ಹೆಚ್ಚು ಇಳಿಯುತ್ತದೆ. ಇನ್ನೊಂದು, ಕಟ್ಟುನಿಟ್ಟಾದ ತಪಾಸಣೆ: 25ನೆಯ ವಯಸ್ಸಿನಿಂದ ವರ್ಷಕ್ಕೊಮ್ಮೆ ಎಂ.ಆರ್.ಐ. ಸ್ಕ್ಯಾನ್, 30ರಿಂದ ಅದರೊಡನೆ ಮ್ಯಾಮೊಗ್ರಾಮ್. ತಪಾಸಣೆ ಕ್ಯಾನ್ಸರನ್ನು ತಡೆಯುವುದಿಲ್ಲ, ಚಿಕ್ಕದಿರುವಾಗಲೇ ಹಿಡಿಯುತ್ತದೆ. ಹಾಗೆ ಹಿಡಿದ ಸ್ತನ ಕ್ಯಾನ್ಸರ್ ಹೆಚ್ಚಾಗಿ ಗುಣವಾಗುತ್ತದೆ, ಆದರೆ ಕೀಮೋಥೆರಪಿ ಬೇಕಾಗಬಹುದು. ಶಸ್ತ್ರಚಿಕಿತ್ಸೆಯಿಂದ ಆಯುಷ್ಯ ಹೆಚ್ಚುತ್ತದೆಂಬುದಕ್ಕೆ ಇರುವ ಆಧಾರ ಅಂಡಾಶಯದ ವಿಷಯದಲ್ಲಿ ಇರುವಷ್ಟು ಬಲವಾಗಿಲ್ಲ. ಆದುದರಿಂದ ಸ್ತನ ತೆಗೆಸುವುದನ್ನು ವೈದ್ಯರು ಒಂದು ಆಯ್ಕೆಯಾಗಿ ಮುಂದಿಡುತ್ತಾರೆಯೇ ಹೊರತು ಆಜ್ಞೆಯಾಗಿ ಅಲ್ಲ.

ಅಂಡಾಶಯದ ಕಥೆ ಬೇರೆ. ಹೊಟ್ಟೆಯ ಆಳದಲ್ಲಿರುವ ಈ ಅಂಗದ ಕ್ಯಾನ್ಸರ್ ಬೆಳೆದು ಹರಡಿದ ಮೇಲೆಯೇ ಹೆಚ್ಚಾಗಿ ಗೊತ್ತಾಗುವುದು. ಸಿ.ಎ.-125 ಎಂಬ ರಕ್ತಪರೀಕ್ಷೆ ಮತ್ತು ಹೊಟ್ಟೆಯ ಸ್ಕ್ಯಾನ್ ಮಾಡಿಸುತ್ತಿದ್ದರೆ ಸಾಲದೇ ಎಂದು ಕೇಳುವವರಿದ್ದಾರೆ. ಬ್ರಿಟನ್ನಿನಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಮಹಿಳೆಯರ ಮೇಲೆ ನಡೆದ ಅಧ್ಯಯನದ ಫಲಿತಾಂಶ 2021ರಲ್ಲಿ ಬಂದಿತು. ಅವರು ವಂಶದ ದೋಷವಿದ್ದವರಲ್ಲ, ಸಾಮಾನ್ಯ ಮಹಿಳೆಯರು. ಇಂಥ ತಪಾಸಣೆಯಿಂದ ಸಾವು ಕಡಿಮೆಯಾಗಲಿಲ್ಲ. ನಂಬಬಹುದಾದ ತಪಾಸಣೆ ಇಲ್ಲದಿರುವುದರಿಂದಲೇ, ಮಕ್ಕಳು ಬೇಕೆನ್ನುವವರಿಗೆ ಮಕ್ಕಳಾದ ಮೇಲೆ, ಬಿ.ಆರ್.ಸಿ.ಎ.-1 ಇದ್ದರೆ 35ರಿಂದ 40ರೊಳಗೆ, ಬಿ.ಆರ್.ಸಿ.ಎ.-2 ಇದ್ದರೆ 40ರಿಂದ 45ರೊಳಗೆ ಅಂಡಾಶಯ ಮತ್ತು ಅಂಡನಾಳಗಳನ್ನು ತೆಗೆಸುವಂತೆ ವೈದ್ಯರು ಒತ್ತಿ ಹೇಳುತ್ತಾರೆ. ಇದರಿಂದ ಆ ಕ್ಯಾನ್ಸರ್‌ನ ಸಂಭವ ನೂರಕ್ಕೆ 80ರಷ್ಟು ಅಥವಾ ಹೆಚ್ಚು ತಗ್ಗುತ್ತದೆ.

ಅಂದರೆ, ಸ್ತನದ ನಿರ್ಧಾರಕ್ಕೆ ಕಾಯಲು ಕಾಲಾವಕಾಶವಿದೆ, ಮನಸ್ಸು ಬದಲಿಸಲೂ ಅವಕಾಶವಿದೆ. ಅಂಡಾಶಯದ ನಿರ್ಧಾರಕ್ಕೆ ವಯಸ್ಸಿನ ಗಡುವಿದೆ. ಈ ವ್ಯತ್ಯಾಸವನ್ನು ತಿಳಿದವರಿಗೆ ಅರ್ಧ ಗೊಂದಲ ಕಳೆಯುತ್ತದೆ.

ದೇಹ ತೆರುವ ಬೆಲೆ

ಶಸ್ತ್ರಚಿಕಿತ್ಸೆಯ ಲಾಭವನ್ನು ಮಾತ್ರ ಹೇಳಿ ನಷ್ಟವನ್ನು ಮುಚ್ಚಿಡುವುದು ನ್ಯಾಯವಲ್ಲ. ಸ್ತನ ತೆಗೆಸಿದ ಮೇಲೆ ಎದೆಯ ಭಾಗದ ಸ್ಪರ್ಶಜ್ಞಾನ ಬಹುಪಾಲು ಹೋಗುತ್ತದೆ. ಮುಂದೆ ಮಗುವಿಗೆ ಹಾಲೂಡಿಸಲು ಆಗುವುದಿಲ್ಲ. ಕೃತಕ ಸ್ತನ ಇರಿಸಿಕೊಳ್ಳಬಹುದು, ದೇಹದ ಬೇರೆ ಕಡೆಯ ಮಾಂಸದಿಂದ ರೂಪಿಸಿಕೊಳ್ಳಬಹುದು, ಅಥವಾ ಏನನ್ನೂ ಮಾಡಿಸಿಕೊಳ್ಳದೆ ಹಾಗೆಯೇ ಇರಬಹುದು. ಮೂರೂ ಸರಿಯೇ. ಕೃತಕ ಸ್ತನವನ್ನು ಮುಂದೊಂದು ದಿನ ಬದಲಿಸಬೇಕಾದೀತು.

ನಮ್ಮ ಮನೆಗಳಿಗೆ ಇಲ್ಲಿ ಕೇಳಲೇಬೇಕಾದ ಪ್ರಶ್ನೆಯೊಂದಿದೆ. ಸಿರುಮುಗೈ, ನೆಗಮಂ ಕಡೆಯ ಕೈಮಗ್ಗದಲ್ಲಿ ಕುಳಿತು ನೇಯುವವರಿಗೆ, ಪಲ್ಲಡಂ, ಸೋಮನೂರಿನ ವಿದ್ಯುತ್ ಮಗ್ಗಗಳಲ್ಲಿ ದುಡಿಯುವವರಿಗೆ, ತಿರುಪ್ಪೂರಿನ ಬನಿಯನ್ ಕಂಪನಿಗಳಲ್ಲಿ ಹೊಲಿಯುವವರಿಗೆ ಭುಜ ಮತ್ತು ತೋಳುಗಳೇ ಜೀವನಾಧಾರ. ಬೆನ್ನಿನ ಸ್ನಾಯುವನ್ನು ತೆಗೆದು ಸ್ತನ ರೂಪಿಸುವ ವಿಧಾನದಲ್ಲಿ ಕೆಲವರಿಗೆ ಭುಜದ ಬಲ ಕುಗ್ಗಬಹುದು. 'ನಾನು ಮಗ್ಗದ ಕೆಲಸದವಳು, ಯಾವ ವಿಧಾನ ನನಗೆ ಹೊಂದೀತು, ಎಷ್ಟು ವಾರ ಕೆಲಸ ಬಿಡಬೇಕು, ತೋಳಿಗೆ ಯಾವ ವ್ಯಾಯಾಮ ಬೇಕು' ಎಂದು ಮೊದಲೇ ಕೇಳಬೇಕು. ದಿನಗೂಲಿಯ ಮನೆಗೆ ಕೆಲಸ ತಪ್ಪಿದ ವಾರಗಳೂ ಚಿಕಿತ್ಸೆಯ ಖರ್ಚೇ.

ಅಂಡಾಶಯಗಳನ್ನು ತೆಗೆಸಿದರೆ ಆ ದಿನದಿಂದಲೇ ಮುಟ್ಟು ನಿಲ್ಲುತ್ತದೆ. ಮೈ ಬಿಸಿಯೇರುವುದು, ನಿದ್ರೆ ಕೆಡುವುದು, ಮನಸ್ಸು ಕುಗ್ಗುವುದು, ಮೂಳೆ ಸವೆಯುವುದು ಇವೆಲ್ಲ ಬರಬಹುದು; ಹೃದಯದ ಆರೋಗ್ಯವನ್ನೂ ನೋಡಿಕೊಳ್ಳಬೇಕು. ಸ್ತನ ಕ್ಯಾನ್ಸರ್ ಬಂದಿರದವರಿಗೆ ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನವರೆಗೆ ಹಾರ್ಮೋನ್ ಮಾತ್ರೆ ಕೊಡಬಹುದೇ ಎಂದು ವೈದ್ಯರು ಪರಿಶೀಲಿಸುತ್ತಾರೆ. ತೆಗೆದ ಅಂಡನಾಳವನ್ನು ಸೂಕ್ಷ್ಮದರ್ಶಕದಲ್ಲಿ ಪೂರ್ತಿಯಾಗಿ ನೋಡಿದರೇ ಎಂದೂ ಕೇಳಬೇಕು. ಕಣ್ಣಿಗೆ ಕಾಣದ ಕ್ಯಾನ್ಸರ್ ಮೊದಲು ಅಲ್ಲಿಯೇ ಮೊಳೆಯುವುದುಂಟು.

ಹೇಳುವುದೋ, ಮುಚ್ಚಿಡುವುದೋ?

ಇದೆಲ್ಲಕ್ಕಿಂತ ಕಠಿಣವಾದದ್ದು ಮನೆಯೊಳಗಿನ ಮೌನ. 'ವಿಷಯ ಹೊರಗೆ ಬಿದ್ದರೆ ಹೆಣ್ಣುಮಕ್ಕಳಿಗೆ ಸಂಬಂಧ ಕೂಡಿಬರುವುದಿಲ್ಲ' ಎಂಬ ಭಯ ಸುಳ್ಳಲ್ಲ. ಬೇರೆ ನಾಡಿನಲ್ಲಿ ನೆಲೆಸಿದ ಚಿಕ್ಕ ಸಮುದಾಯಗಳಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು. ಮಾತು ಬೇಗ ಹರಡುತ್ತದೆ. ಆದರೆ ಊರಿಗೆ ತಿಳಿಸುವುದು ಬೇರೆ, ಒಡಹುಟ್ಟಿದವರಿಗೆ ತಿಳಿಸುವುದು ಬೇರೆ. ಅಕ್ಕನಿಗೆ ದೋಷವಿದೆಯೆಂದು ತಿಳಿದ ಮೇಲೆ ತಂಗಿಗೆ ಹೇಳದೆ ಇದ್ದು, ನಾಲ್ಕು ವರ್ಷಗಳ ನಂತರ ತಂಗಿಯ ಹೊಟ್ಟೆಯಲ್ಲಿ ಹರಡಿದ ಕ್ಯಾನ್ಸರ್ ಕಂಡುಬಂದರೆ, ಆ ಮೌನದಿಂದ ಉಳಿದದ್ದೇನು?

ನ್ಯೂಜಿಲೆಂಡಿನ ಒಂದು ಮಾವೊರಿ ಕುಟುಂಬದ ಕಥೆ ಇಲ್ಲಿ ನೆನೆಯಬೇಕಾದದ್ದು. ಆ ಮನೆತನದಲ್ಲಿ 25ಕ್ಕೂ ಹೆಚ್ಚು ಮಂದಿ, ಹದಿಹರೆಯದವರೂ ಸೇರಿದಂತೆ, ಹೊಟ್ಟೆಯ ಕ್ಯಾನ್ಸರಿನಿಂದ ತೀರಿಕೊಂಡಿದ್ದರು. ಶಾಪವೆಂದೂ ಮಾಟವೆಂದೂ ಜನ ಆಡಿಕೊಳ್ಳುತ್ತಿದ್ದರು. ಕುಟುಂಬದವರು ತಾವೇ ವಂಶಾವಳಿಯನ್ನು ಹಿಡಿದು ಒಟಾಗೊ ವಿಶ್ವವಿದ್ಯಾಲಯದ ವಿಜ್ಞಾನಿಗಳ ಬಳಿಗೆ ಹೋದರು. 1998ರಲ್ಲಿ ಪ್ಯಾರಿ ಗಿಲ್ಫರ್ಡ್ ಮತ್ತು ಅವರ ಸಂಗಡಿಗರು ಸಿ.ಡಿ.ಎಚ್.-1 ಎಂಬ ಜೀನಿನ ದೋಷವೇ ಕಾರಣವೆಂದು ಕಂಡುಹಿಡಿದರು. ದೋಷವಿರುವವರಲ್ಲಿ ಅನೇಕರು ಜಠರವನ್ನೇ ತೆಗೆಸಿಕೊಂಡು ಬದುಕುತ್ತಿದ್ದಾರೆ. ಶಾಪಕ್ಕೆ ಹೆಸರೊಂದು ಸಿಕ್ಕಾಗ ಅದಕ್ಕೆ ಪರಿಹಾರವೂ ಸಿಕ್ಕಿತು.

ಹಾಲಿವುಡ್ ನಟಿ ಏಂಜಲೀನಾ ಜೋಲಿ 2013ರ ಮೇ ತಿಂಗಳಲ್ಲಿ ತಾನು ಎರಡೂ ಸ್ತನಗಳನ್ನು ತೆಗೆಸಿಕೊಂಡ ವಿಷಯವನ್ನು ಪತ್ರಿಕೆಯಲ್ಲಿ ಬರೆದಾಗ ಲೋಕವೇ ಬೆರಗಾಯಿತು. ಆಕೆಯ ತಾಯಿ 56ನೆಯ ವಯಸ್ಸಿನಲ್ಲಿ ಕ್ಯಾನ್ಸರಿನಿಂದ ತೀರಿಕೊಂಡಿದ್ದರು. 2015ರಲ್ಲಿ ಆಕೆ ಅಂಡಾಶಯಗಳನ್ನೂ ತೆಗೆಸಿದರು. ಆಕೆಯ ಬಳಿ ಹಣವಿತ್ತು ಎಂಬುದು ನಿಜ. ಆದರೆ ಬಾಯಿಬಿಟ್ಟು ಹೇಳಲು ಬೇಕಾದ ಧೈರ್ಯವನ್ನು ಹಣ ಕೊಡುವುದಿಲ್ಲ.

ನಮ್ಮ ತಮಿಳುನಾಡಿನಲ್ಲಿಯೇ ಇದಕ್ಕೆ ಹಳೆಯ ನಿದರ್ಶನವಿದೆ. ಡಾ. ಮುತ್ತುಲಕ್ಷ್ಮಿ ರೆಡ್ಡಿ ಅವರ ತಂಗಿ 1923ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು. ಆ ದುಃಖವನ್ನು ಮನೆಯೊಳಗೇ ಮುಚ್ಚಿಡದೆ ಅವರು ಮೂರು ದಶಕ ಶ್ರಮಿಸಿದ ಫಲವಾಗಿ 1954ರಲ್ಲಿ ಅಡಯಾರ್ ಕ್ಯಾನ್ಸರ್ ಸಂಸ್ಥೆ ಆರಂಭವಾಯಿತು. ವಂಶದ ಕ್ಯಾನ್ಸರ್‌ಗೆಂದೇ ಇಂದು ಅಲ್ಲಿ ಪ್ರತ್ಯೇಕ ವಿಭಾಗವಿದೆ.

ಎಲ್ಲಿಗೆ ಹೋಗಬೇಕು, ಏನು ಕೇಳಬೇಕು?

ಕೊಯಮತ್ತೂರಿನ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿಯೂ ನಗರದ ದೊಡ್ಡ ಖಾಸಗಿ ಆಸ್ಪತ್ರೆಗಳಲ್ಲಿಯೂ ಕ್ಯಾನ್ಸರ್ ವಿಭಾಗಗಳಿವೆ. ತಿರುಪ್ಪೂರಿನಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು 2022ರ ಜನವರಿಯಲ್ಲಿ ಉದ್ಘಾಟನೆಯಾಯಿತು. ಮೊದಲ ಸಲಹೆಗೆ ಅಲ್ಲಿಗೂ ಹೋಗಬಹುದು. ಪರೀಕ್ಷೆಗೆ ಮೊದಲು ಒಮ್ಮೆ, ವರದಿ ಬಂದ ಮೇಲೆ ಒಮ್ಮೆ ಜೆನೆಟಿಕ್ ಕೌನ್ಸೆಲರ್ ಜೊತೆ ಮಾತಾಡಲು ಅವಕಾಶ ಕೇಳಿ. ಶಸ್ತ್ರಚಿಕಿತ್ಸೆಗೆ ಒಪ್ಪುವ ಮುನ್ನ ಇನ್ನೊಬ್ಬ ವೈದ್ಯರ ಅಭಿಪ್ರಾಯವನ್ನೂ ಪಡೆಯಿರಿ. ಇದು ಅವಿಶ್ವಾಸವಲ್ಲ, ರೋಗಿಯ ಹಕ್ಕು.

ತಮಿಳುನಾಡಿನ ಮುಖ್ಯಮಂತ್ರಿಗಳ ಸಮಗ್ರ ಆರೋಗ್ಯ ವಿಮಾ ಯೋಜನೆಯ ಕಾರ್ಡ್ ಇರುವ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆಯ ನೆರವಿದೆ. ಆದರೆ ರೋಗ ಬಂದವರ ಚಿಕಿತ್ಸೆ ಬೇರೆ, ಬಾರದಂತೆ ಮಾಡುವ ಶಸ್ತ್ರಚಿಕಿತ್ಸೆ ಬೇರೆ. ಜೀನ್ ಪರೀಕ್ಷೆಯೂ ಮುಂಜಾಗ್ರತೆಯ ಶಸ್ತ್ರಚಿಕಿತ್ಸೆಯೂ ಅದರಲ್ಲಿ ಸೇರುತ್ತವೆಯೇ ಎಂಬುದನ್ನು ಆಸ್ಪತ್ರೆಯ ವಿಮಾ ಕೌಂಟರಿನಲ್ಲಿ ದಿನ ಗೊತ್ತುಮಾಡುವ ಮುನ್ನವೇ ಕೇಳಿ, ಬರೆಸಿಕೊಳ್ಳಿ. ಖಾಸಗಿ ವಿಮೆ ಇರುವವರೂ ಹಾಗೆಯೇ ಮಾಡಬೇಕು.

ಮನೆಯಲ್ಲಿ ಕುಳಿತು ಮಾತಾಡುವಾಗ ಒಂದು ಮಿತಿಯನ್ನು ಎಲ್ಲರೂ ಪಾಲಿಸಬೇಕು. ಗಂಡ, ಅತ್ತೆ, ತಾಯಿ, ಅಣ್ಣ ಎಲ್ಲರೂ ಅಭಿಪ್ರಾಯ ಹೇಳಬಹುದು. ತೀರ್ಮಾನ ಮಾತ್ರ ಆ ಹೆಣ್ಣುಮಗಳದು. ಒತ್ತಾಯದಿಂದ ಮಾಡಿಸಿದ ಶಸ್ತ್ರಚಿಕಿತ್ಸೆಯೂ ಒತ್ತಾಯದಿಂದ ತಡೆದ ಶಸ್ತ್ರಚಿಕಿತ್ಸೆಯೂ ಮನಸ್ಸಿನಲ್ಲಿ ಮಾಯದ ಗಾಯವನ್ನು ಉಳಿಸುತ್ತವೆ. ತಪಾಸಣೆಯ ದಾರಿಯನ್ನು ಹಿಡಿದವಳು ಹೇಡಿಯಲ್ಲ, ಶಸ್ತ್ರಚಿಕಿತ್ಸೆಗೆ ಒಪ್ಪಿದವಳು ದುಡುಕಿನವಳಲ್ಲ.

ಎಲ್ಲಕ್ಕಿಂತ ಮೊದಲು ಮಾಡಬಹುದಾದ ಕೆಲಸಕ್ಕೆ ಖರ್ಚೇ ಇಲ್ಲ. ಮುಂದಿನ ಹಬ್ಬಕ್ಕೆ ನೆಂಟರಿಷ್ಟರು ಸೇರಿದಾಗ ಒಂದು ನೋಟ್‌ಬುಕ್ಕಿನ ಹಾಳೆಯಲ್ಲಿ ಮೂರು ತಲೆಮಾರಿನ ಹೆಸರುಗಳನ್ನು ಬರೆಯಿರಿ. ಯಾರಿಗೆ ಯಾವ ಕಾಯಿಲೆ ಬಂದಿತ್ತು, ಯಾವ ವಯಸ್ಸಿನಲ್ಲಿ, ಯಾವ ಆಸ್ಪತ್ರೆಯಲ್ಲಿ ಚಿಕಿತ್ಸೆಯಾಯಿತು ಎಂಬುದನ್ನು ಅಜ್ಜಿಯರಿಂದ ಕೇಳಿ ಪಕ್ಕದಲ್ಲಿ ನಮೂದಿಸಿ. ತಂದೆಯ ಕಡೆಯನ್ನು ಮರೆಯಬೇಡಿ. ಹಳೆಯ ಆಸ್ಪತ್ರೆಯ ಕಾಗದಗಳಿದ್ದರೆ ಅದರೊಡನೆ ಜೋಡಿಸಿಡಿ. ಕನ್ನಡ ಓದಿದ ಮಕ್ಕಳ ಕೈಯಲ್ಲೇ ಅದನ್ನು ಬರೆಸಬಹುದು. ಅಜ್ಜಿ ಹೇಳುವುದು ಅವರಿಗೆ ಅರ್ಥವಾಗುತ್ತದೆ, ವೈದ್ಯರು ಕೇಳುವುದನ್ನೂ ಅವರು ಬಲ್ಲರು. ಆ ಒಂದು ಹಾಳೆಯನ್ನು ನೋಡಿದೊಡನೆ, ನಿಮ್ಮ ಮನೆಗೆ ಈ ಪರೀಕ್ಷೆಯ ಅಗತ್ಯವಿದೆಯೇ ಇಲ್ಲವೇ ಎಂಬುದನ್ನು ವೈದ್ಯರು ಬಹುಮಟ್ಟಿಗೆ ಹೇಳಬಲ್ಲರು.